ಮೊಮ್ಮಗಳ ಹಣೆಯ ಮೂರು ಗೆರೆ

ಹೋದ ವರ್ಷ ಶ್ರಾವಣ ಹಿಡಿಯಲು ಇನ್ನೂ ಹದಿನೈದು ದಿನ ಇತ್ತು. ಮಂಗಳವಾರ ಬೆಳಿಗ್ಗೆ ನಾನು ನಳದ ನೀರು ತುಂಬಿಕೊಂಡು ಒಳಗೆ ಬಂದಾಗ ನನ್ನ ಮೂರು ವರ್ಷದ ಮೊಮ್ಮಗಳು ಪಾರು ಪಡಸಾಲೆಯಲ್ಲಿ ಮಗ್ಗಲಾಗಿ ಬಿದ್ದಿದ್ದಳು. ಬಾಯಿಂದ ಜೊಲ್ಲು ಸುರಿದು ಅಂಗಿ ತೊಯ್ದಿತ್ತು. ಮೈಯೆಲ್ಲ ಬೆವರು. ಕೈಕಾಲು ಸಣ್ಣಗೆ ಅದುರುತ್ತಿದ್ದವು. ಕೊಡ ನೆಲಕ್ಕೆ ಇಟ್ಟೆನೋ ಬಿಟ್ಟೆನೋ ನೆನಪಿಲ್ಲ.

ನಮ್ಮ ಶಿವ ಕಲ್ಮೇಶ್ವರನನ್ನು ನಂಬಿದ ನನ್ನ ಅಕ್ಕತಂಗಿಯರೇ, ನಾನು ಬರೆಯುವ ಹೆಣ್ಣಲ್ಲ. ನಳ ಬಂದ ದಿನ, ಸಿಲಿಂಡರ್ ಹಚ್ಚಿದ ದಿನ ಎಂದು ಕ್ಯಾಲೆಂಡರಿನ ಮೇಲೆ ಗೀಚಿಡುವುದೇ ನನ್ನ ಬರವಣಿಗೆ. ಆದರೂ ಇದನ್ನು ನಾನೇ ಬರೆಯಬೇಕು.

ನಮ್ಮೂರು ಹಳಿಯಾಳದಿಂದ ಎಂಟು ಕಿಲೋಮೀಟರು. ಮನೆಯವರು ತೀರಿಕೊಂಡು ಆರು ವರ್ಷವಾಯಿತು; ಹೊಲ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದೇನೆ. ಮಗಳು ಸುಮಾ ಮತ್ತು ಅಳಿಯ ಇರುವುದು ದಾಂಡೇಲಿಯಲ್ಲಿ. ಅವನಿಗೆ ಪೇಪರ್ ಮಿಲ್ಲಿನಲ್ಲಿ ಶಿಫ್ಟು, ಅವಳಿಗೆ ಕಾಡಿನೊಳಗಿನ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸ. ಹೀಗಾಗಿ ಕೂಸು ನನ್ನ ಹತ್ತಿರ. ದೊಡ್ಡ ಮನೆಯಲ್ಲಿ ನಾವಿಬ್ಬರೇ.

ನನ್ನ ಕೂಗು ಕೇಳಿ ಪಕ್ಕದ ಮನೆಯ ನೀಲಕ್ಕ ಓಡಿ ಬಂದಳು. "ಯಾರದೋ ಕಣ್ಣ ಬಿದ್ದೈತಿ. ಉಪ್ಪ ನಿವಾಳಿಸಿ ಒಲಿಗೆ ಹಾಕ" ಎಂದಳು.

"ಕಣ್ಣ ಬಿದ್ರ ಬಾಯಾಗ ಬುರುಗ ಬರ್ತೈತೇನ ನೀಲಕ್ಕಾ?"

ಬಸ್ಸು ಬರುವುದು ಒಂಬತ್ತಕ್ಕೆ. ಆದರೆ ಹಾಲಿನ ಟೆಂಪೊ ಡೇರಿಯ ಮುಂದೆ ನಿಂತಿತ್ತು. ಡ್ರೈವರ್ ಕೂಸನ್ನು ನೋಡಿದವನೇ ಏನೂ ಕೇಳಲಿಲ್ಲ. "ಹತ್ರಿ ಕಾಕೂ, ಮುಂದ ಕುಂದರ್ರಿ. ತಲಿ ಎತ್ತಿ ಹಿಡಕೋರಿ. ಇವತ್ತ ಹಾಲ ಕೆಟ್ರ ಕೆಡ್ಲಿ" ಎಂದ.

ದಾರಿಯಲ್ಲಿ ಪಾರುವಿನ ಹಣೆ ನೋಡಿದೆ. ಮೂರು ಬಿಳಿ ಗೆರೆಗಳು, ಸ್ವಲ್ಪ ಸೊಟ್ಟ. ನನ್ನ ಜೀವಕ್ಕೆ ಎಷ್ಟು ಧೈರ್ಯ ಬಂತು ಎಂದರೆ, ಈಗ ಹೇಳಲು ನಾಚಿಕೆಯಾಗುತ್ತದೆ. ಹಣೆಯ ಮೇಲೆ ಶಿವ ಇದ್ದಾನೆ, ಇವಳಿಗೆ ಏನೂ ಆಗುವುದಿಲ್ಲ ಎಂದುಕೊಂಡೆ. ಸುಮಾಗೆ ಫೋನು ಹಚ್ಚಿದೆ. ಕಾಡಿನೊಳಗೆ ನೆಟ್‌ವರ್ಕ್ ಇಲ್ಲ. ಅಳಿಯ ರಾತ್ರಿ ಶಿಫ್ಟು ಮುಗಿಸಿ ಮಲಗಿದ್ದಿರಬೇಕು, ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಬ್ಯಾಟರಿ ಹಾಕಿ ನೋಡಿದರು. "ಕಣ್ಣಿನ ಪಾಪಿ ಸೂಜಿ ಮೊನಿಯಷ್ಟ ಆಗೇತಿ. ಮನ್ಯಾಗ ಬೆಳಿಗೆ ಹೊಡಿಯೂ ಎಣ್ಣಿ ಇಟ್ಟೀರೇನ್ರಿ? ಕೀಟನಾಶಕದ ಬಾಟ್ಲಿ, ಡಬ್ಬಿ?"

"ಇಲ್ರಿ ಸಾಹೇಬ್ರ. ಹೊಲಾ ಲಾವಣಿಗೆ ಕೊಟ್ಟೇವಿ. ಅಂಥಾ ಬಾಟ್ಲಿ ನಮ್ಮ ಹೊಸ್ತಿಲಾ ದಾಟಿಲ್ಲ. ಕಲ್ಮೇಶ್ವರನ ಆಣಿ" ಎಂದೆ. ನಾನು ಸುಳ್ಳು ಹೇಳಿರಲಿಲ್ಲ. ನನಗೆ ತಿಳಿದ ಮಟ್ಟಿಗೆ ಅದು ನಿಜವೇ ಆಗಿತ್ತು.

ಅವರು ತಡಮಾಡದೆ ಇಂಜೆಕ್ಷನ್ ಕೊಟ್ಟರು. ರೋಸಿ ಎಂಬ ಸಿಸ್ಟರ್ ಬಿಸಿನೀರು, ಸೋಪು ತಂದಳು. ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಗಳು. ಕೊರಳಲ್ಲಿ ಸಣ್ಣ ಶಿಲುಬೆ. ಅಂಗಿ ತೆಗೆದು, ಕೈ ಒರೆಸಿ, ಬಟ್ಟೆಯನ್ನು ಹಣೆಗೆ ಒಯ್ದಾಗ ನಾನು ಅವಳ ಮುಂಗೈ ಹಿಡಿದೆ.

"ವಿಭೂತಿ ಅಳಸಬ್ಯಾಡ್ರಿ."

"ಪೂರಾ ಮೈ ಒರಸಬೇಕ್ರೀ ಅವ್ವಾರ. ಏನರ ಹತ್ತಿದ್ರ ಹೋಗ್ಲಿ."

"ಮೈ ಒರಸ್ರಿ, ಹಣಿ ಬಿಡ್ರಿ. ಅದು ನಮ್ಮ ದೇವ್ರು. ನಿಮಗೇನ ಗೊತ್ತಾಗಬೇಕು?"

ಅವಳ ಮುಖ ಸಪ್ಪಗಾಯಿತು. ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಹಣೆ ಬಿಟ್ಟಳು.

ಹನ್ನೊಂದರ ಸುಮಾರಿಗೆ ಪಾರು ಕಣ್ಣು ತೆರೆದು "ಅಮ್ಮಾ" ಎಂದಳು. ಅವಳು ನನ್ನನ್ನು ಕರೆಯುವುದೇ ಹಾಗೆ. ನಾನು ನಿಂತಲ್ಲೇ ಕೈಮುಗಿದೆ. ಆದರೆ ಒಂದು ಗಂಟೆಯ ಹೊತ್ತಿಗೆ ಮತ್ತೆ ಬೆವರು, ಮತ್ತೆ ಜೊಲ್ಲು. ಮತ್ತೆ ಇಂಜೆಕ್ಷನ್. ಡಾಕ್ಟರು ಹುಬ್ಬು ಗಂಟಿಕ್ಕಿ, "ಇಳದದ್ದು ತಿರುಗಿ ಯಾಕ ಏರಾಕತ್ತೇತಿ ತಿಳೀವಲ್ದು. ಧಾರವಾಡಕ್ಕ ಒಯ್ಯೂಣು, ಗಾಡಿಗೆ ಹೇಳೇನಿ. ಬರಾಕ ತಾಸ ಆಗ್ತೈತಿ" ಎಂದರು.

ಆ ಒಂದು ತಾಸು ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಅಲ್ಲಿ ಎಲ್ಲರಿಗೂ ಯಾರಾದರೂ ಇದ್ದರು. ಬಾಣಂತಿಗೆ ಗಂಜಿ ತಂದ ತಾಯಿ, ಕಾಲು ಮುರಿದ ಗಂಡನಿಗೆ ಚಪಾತಿ ಮುರಿದು ಕೊಡುತ್ತಿದ್ದ ಹೆಂಡತಿ. ಒಬ್ಬರು "ನಿಮ್ಮ ಜೋಡಿ ಯಾರ ಬಂದಾರ್ರೀ?" ಎಂದು ಕೇಳಿದರು. "ಬರಾಕತ್ತಾರ" ಎಂದೆ. ಯಾರೂ ಬರುತ್ತಿರಲಿಲ್ಲ. ಮನೆಯವರು ತೀರಿದ ದಿನವೂ ನಾನು ಇಷ್ಟು ಒಂಟಿಯಾಗಿರಲಿಲ್ಲ. ಅಂದು ಅಂಗಳ ತುಂಬ ಜನ ಇದ್ದರು.

ಉಳಿಸಪ್ಪಾ, ಉಳಿಸಪ್ಪಾ ಎಂದು ಬೇಡಿದೆ. ಹರಕೆ ಹೊತ್ತೆ, ಅದರ ಮೇಲೆ ಇನ್ನೊಂದು ಹೊತ್ತೆ. ಕಡೆಗೆ ಹೊರುವುದಕ್ಕೆ ಏನೂ ಉಳಿಯಲಿಲ್ಲ, ಬಾಯಿ ಒಣಗಿತು. ಆಗ ನನ್ನಿಂದ ಬಂದದ್ದು ಒಂದೇ ಮಾತು: "ನನಗ ಕಾಣವಲ್ದು. ಏನೈತಿ ಅದನ್ನ ಕಾಣಸು." ಅಷ್ಟು ವರ್ಷ ಪೂಜೆ ಮಾಡಿದರೂ ನಾನು ಅಂಥದ್ದನ್ನು ಎಂದೂ ಕೇಳಿರಲಿಲ್ಲ.

ರೋಸಿ ಸಿಸ್ಟರ್ ಬಂದು ಪಕ್ಕದಲ್ಲಿ ಕುಳಿತಳು. ಕೈಯಲ್ಲಿ ಚಹಾ ಇತ್ತು, ಅರ್ಧ ನನಗೆ ಕೊಟ್ಟಳು. ಬೆಳಿಗ್ಗೆ ನಾನು ಆಡಿದ ಮಾತಿನ ಸುದ್ದಿಯನ್ನೇ ಎತ್ತಲಿಲ್ಲ.

"ಅವ್ವಾರ, ಸಿಟ್ಟ ಮಾಡ್ಕೋಬ್ಯಾಡ್ರಿ, ಒಂದ ಮಾತ ಕೇಳ್ತೇನಿ. ಮುಂಜಾನೆ ಪೂಜಿ ಎಷ್ಟಕ್ಕ ಮಾಡಿದ್ರಿ?"

"ಎಲ್ಲೀ ಪೂಜಿ ತಂಗೀ? ಇವತ್ತ ನಳಾ ಬರೂ ದಿನ. ನೀರ ತುಂಬಿ, ಆಮ್ಯಾಲೆ ಜಳಕಾ, ಆಮ್ಯಾಲೆ..." ಎಂದವಳು ಅಲ್ಲಿಗೇ ನಿಂತೆ.

"ಹಂಗಾರ ಕೂಸಿಗೆ ವಿಭೂತಿ ಹಚ್ಚಿದವ್ರ ಯಾರ್ರೀ?"

ಯಾರೂ ಹಚ್ಚಿರಲಿಲ್ಲ. ವಿಭೂತಿ ಗಟ್ಟಿ ಕೂಸಿಗೆ ಎಟುಕದ ಗೂಡಿನಲ್ಲಿ ಇತ್ತು.

ಅಕ್ಕತಂಗಿಯರೇ, ಮುಂದಿನ ಮಾತು ಗಮನವಿಟ್ಟು ಓದಿರಿ. ಹಿಂದಿನ ದಿನ ಸೋಮವಾರ. ಬೆಲ್ಲದ ನೈವೇದ್ಯಕ್ಕೆ ಕೆಂಪಿರುವೆ ಮುತ್ತಿದ್ದವು. ಸಂತೆಯಲ್ಲಿ ಒಬ್ಬ ಕಾಗದದ ಪುಡಿಕೆಯಲ್ಲಿ ಕಟ್ಟಿ ಮಾರುತ್ತಿದ್ದ ಬಿಳಿ ಪುಡಿ ಮನೆಯಲ್ಲಿತ್ತು. ಸಂಜೆ ಅದನ್ನು ದೇವರ ಜಗಲಿಯ ಕೆಳಗೆ, ಗೋಡೆಯ ಬುಡದಲ್ಲಿ ಗೆರೆ ಎಳೆದಂತೆ ಉದುರಿಸಿದ್ದೆ. ಪುಡಿಕೆಯ ಮೇಲೆ ಹೆಸರಿಲ್ಲ, ಏನೂ ಇಲ್ಲ. ಅದನ್ನು ವಿಷ ಎಂದು ನಾನು ಒಮ್ಮೆಯೂ ಅಂದುಕೊಂಡಿರಲಿಲ್ಲ. ನನ್ನ ಪಾಲಿಗೆ ವಿಷ ಅಂದರೆ ಹೊಲಕ್ಕೆ ಹೊಡೆಯುವ ಎಣ್ಣೆ. ಇದು ಬರೀ ಇರುವೆ ಪುಡಿ.

ಮೂರು ಬೆರಳು ಒತ್ತಿ, ಹಣೆಗೆ ಎಳೆದುಕೊಂಡು, ಉಳಿದದ್ದನ್ನು ನಾಲಿಗೆಗೆ ಮುಟ್ಟಿಸುವುದನ್ನು ಪಾರುವಿಗೆ ಕಲಿಸಿದವಳು ನಾನೇ. ಅವಳು ಹಾಗೆ ಮಾಡಿದಾಗಲೆಲ್ಲ ಓಣಿಯವರನ್ನು ಕರೆದು ತೋರಿಸಿ ಹಿಗ್ಗಿದವಳು ನಾನೇ. ಅಂದು ಬೆಳಿಗ್ಗೆ ಅಮ್ಮ ನಳದ ಹತ್ತಿರ ಇದ್ದಳು, ಎಟುಕುವಲ್ಲಿ ಬೆಳ್ಳಗೆ ಇತ್ತು. ಕೂಸು ತಾನೇ ಪೂಜೆ ಮುಗಿಸಿತ್ತು.

ನಾನು ಒಳಗೆ ಓಡಿ ಡಾಕ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. "ತೊಳೀರಿ! ಹಣಿ, ತಲಿ, ಕಿವಿ ಹಿಂದ, ಉಗುರ ಸಂದ್ಯಾಗ. ಬಡಾ ಬಡಾ!" ಎಂದರು. ನನಗೂ ರಬ್ಬರಿನ ಕೈಗವಸು ಹಾಕಿಸಿ ಸಿಸ್ಟರ್ ನೀರು ಹಾಕಿದಳು, ನಾನು ಸೋಪು ಉಜ್ಜಿದೆ. ಜಡೆಯ ಬುಡದಲ್ಲೂ ಪುಡಿ ಕುಳಿತಿತ್ತು. ನಾನು ದೇವರು ಎಂದು ಕಾದು ಕುಳಿತದ್ದನ್ನು ನನ್ನ ಕೈಯಿಂದಲೇ ತೊಳೆಸಿದ ಶಿವ.

ಗಾಡಿ ಬಂತು. ಧಾರವಾಡ ಮುಟ್ಟುವ ತನಕ ರೋಸಿ ಸಿಸ್ಟರ್ ಪಾರುವಿನ ಪಕ್ಕ ಕುಳಿತಿದ್ದಳು. ಮರುದಿನ ಬೆಳಗಾಗುವಷ್ಟರಲ್ಲಿ ಜೊಲ್ಲು ನಿಂತಿತ್ತು. ತಿರುಗಿ ಬರಲಿಲ್ಲ. ನಾಲ್ಕನೆಯ ದಿನ ಕೂಸು ಬಿಸ್ಕೀಟು ಬೇಕೆಂದು ಹಟ ಮಾಡಿತು.

ಸುಮಾ ಬಂದಾಗ ನಾನು ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು, "ಹೂಂ" ಎಂದಳು. ಮನೆಗೆ ಬಿಡುವ ದಿನ ಕೂಸನ್ನು ಎತ್ತಿಕೊಂಡು ನೆಟ್ಟಗೆ ದಾಂಡೇಲಿಯ ಬಸ್ಸು ಹತ್ತಿದಳು. ಪಾರು ಈಗ ಚೆನ್ನಾಗಿದ್ದಾಳೆ, ಅಲ್ಲೇ ಅಂಗನವಾಡಿಗೆ ಹೋಗುತ್ತಾಳೆ. ಹಬ್ಬಕ್ಕೆ ಕರೆತರುತ್ತಾರೆ, ಸಂಜೆಗೆ ಒಯ್ಯುತ್ತಾರೆ. ಒಂದು ರಾತ್ರಿ ಇರಲಿ ಎಂದು ನಾನು ಕೇಳಿಲ್ಲ. ಒಬ್ಬಳಿಗೆ ಒಂದೂವರೆ ರೊಟ್ಟಿ ಸಾಕು. ಹಿಟ್ಟು ಇನ್ನೂ ಇಬ್ಬರಿಗೆ ಆಗುವಷ್ಟು ನಾದುತ್ತೇನೆ.

ಊರಿನಲ್ಲಿ ಮಾತು ಬೇರೆಯೇ ಹಬ್ಬಿತ್ತು. "ಹಣಿ ಮ್ಯಾಲಿನ ವಿಭೂತಿನ ಕೂಸಿನ್ನ ಕಾಯ್ತು" ಎಂದು. ಸೋಮವಾರದ ಭಜನೆಯಲ್ಲಿ ಹಿರಿಯರೊಬ್ಬರು ಅದನ್ನೇ ದೊಡ್ಡದಾಗಿ ಹೇಳಿದರು. ಎಲ್ಲರೂ ನನ್ನತ್ತ ನೋಡಿ ಕೈಮುಗಿದರು. ನಾನು ಸುಮ್ಮನಿದ್ದೆ. ಅಷ್ಟು ಜನರ ನಡುವೆ ಮತ್ತೆ ಆ ಬೆಂಚಿನ ಮೇಲೆ ಕುಳಿತಂತೆ ಆಯಿತು.

ಮುಂದಿನ ಸೋಮವಾರ ತಡೆಯಲಾಗಲಿಲ್ಲ. ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಿರಿಯರಿಗೆ ಸೇರಲಿಲ್ಲ. "ಏನವಾ, ದೇವ್ರ ಮಹಿಮಾ ಹೇಳೂದ ಬಿಟ್ಟ ಇರಿವಿ ಪುಡಿ ಪುರಾಣ ಹಚ್ಚಿಯಲ್ಲ?" ಎಂದರು. ನಾಲ್ಕು ಜನ ನಕ್ಕರು.

ನೀಲಕ್ಕನ ಸೊಸೆ ಮಾತ್ರ ನಗಲಿಲ್ಲ. ಅವಳ ಮುಖ ಬಿಳಿಚಿತ್ತು. "ಅತ್ತೀ, ತೊಟ್ಟಲದ ಕೆಳಗ ನಿನ್ನೆ ಅದ ಪುಡಿ..." ಎಂದು ನೀಲಕ್ಕನಿಗೆ ಅಷ್ಟೇ ಹೇಳಿ, ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಓಡಿದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಆಮೇಲೆ ಗೋಡೆಯ ಹತ್ತಿರ ಕುಳಿತಿದ್ದ ಇಬ್ಬರು.

ಹಾರ್ಮೋನಿಯಂ ಪೇಟಿ ಬಾರಿಸುವವರು ಕೈ ನಿಲ್ಲಿಸಿದರು. ನಾನು ನಿಂತೇ ಇದ್ದೆ. ಸ್ವಲ್ಪ ಹೊತ್ತಿಗೆ ನೀಲಕ್ಕನ ಸೊಸೆ ಎಂಟು ತಿಂಗಳ ಕೂಸನ್ನು ಎದೆಗೆ ಅವಚಿಕೊಂಡು ಬಂದಳು. ಕೂಸು ನಿದ್ದೆ ಕೆಟ್ಟದ್ದಕ್ಕೆ ಜೋರಾಗಿ ಅಳುತ್ತಿತ್ತು. ಕಲ್ಮೇಶ್ವರಾ, ಆ ಗಟ್ಟಿಮುಟ್ಟಾದ ಅಳು ಕೇಳಿಸಿದ ನಿನಗೆ ಶರಣು ಶರಣು.