ಹೊಳೆಯಲ್ಲಿ ತೆಗೆದ ಕ್ಲೋಸಪ್

ಕಳೆದ ವಾರ ಮಗಳ ಶಾಲೆಯ ನಾಟಕಕ್ಕೆ ಬಣ್ಣ ಹಚ್ಚುತ್ತಿದ್ದೆ. ಪ್ಯಾನ್‌ಕೇಕ್ ಡಬ್ಬಿಯ ಮುಚ್ಚಳ ತೆಗೆದಾಗ ಎದ್ದ ಸಿಹಿ ವಾಸನೆಗೆ ಮತ್ತೆ ಮುಚ್ಚಿಬಿಟ್ಟೆ. ಹನ್ನೊಂದು ವರ್ಷದ ಹಿಂದೆ ಅದನ್ನೇ ಮುಖಕ್ಕೆ ಮೆತ್ತಿಕೊಂಡು ನಾನು ಹರಿಹರದ ಹೊಳೆಯ ನಡುವೆ ನಿಂತಿದ್ದೆ.

ನಿಲ್ಲಿಸಿದವರು ನಮ್ಮ ಡೈರೆಕ್ಟರು. ನಿಟ್ಟುವಳ್ಳಿಯಲ್ಲಿ ಮದುವೆ ವಿಡಿಯೋ ಅಂಗಡಿ ಇಟ್ಟಿದ್ದರು. ಹೊಟ್ಟೆಪಾಡು ಮದುವೆಗಳಿಂದ, ಜೀವವೆಲ್ಲ ಆಲ್ಬಂ ಹಾಡುಗಳ ಮೇಲೆ. ಒಂದು ಹಾಡಿಗೆ ಹಿಮ ಬೇಕೆಂದು ಮಾಳಿಗೆಯ ಮೇಲಿಂದ ಎರಡು ಚೀಲ ಮಂಡಕ್ಕಿ ಸುರಿಸಿದ್ದರು... ಅದನ್ನು ನೋಡಿಯೇ ನಾನು ಅವರ ಹಾಡಿನಲ್ಲಿ ಕಾಣಿಸಿಕೊಳ್ಳಬೇಕೆಂದು ಹಟ ಹಿಡಿದದ್ದು.

ನನಗೆ ಸಿಕ್ಕಿದ್ದು ಉಕ್ಕಡಗಾತ್ರಿ ಅಜ್ಜಯ್ಯನ ಮೇಲಿನ ಭಕ್ತಿಯ ಹಾಡು. ಮಳೆಗಾಲದ ಆರಂಭ. ಬೆಳಿಗ್ಗೆ ಹೊಳೆಯಲ್ಲಿ ಮೊಣಕಾಲಿನಷ್ಟೂ ನೀರಿರಲಿಲ್ಲ. ನಡೆದೇ ಹೋಗಿ ಬಂಡೆಯೊಂದರ ಮೇಲೆ ಕೈಮುಗಿದು ನಿಂತೆ. ಎರಡನೇ ಟೇಕ್ ನಡೆದಿದ್ದಾಗ, ದಡದಲ್ಲಿ ಬಲೆ ಒಣಗಿಸುತ್ತಿದ್ದ ಮೀನುಗಾರನೊಬ್ಬ ಕೂಗಿದ.

"ಮ್ಯಾಲೆ ಮಳೆ ಆಗೈತ್ರಿ. ನೀರು ಏರಾಕತ್ತೈತೆ, ಆ ಹುಡುಗೀನ ಕರ್ಕಳ್ರಿ."

ಡೈರೆಕ್ಟರು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಒಂದು ಕೈ ಮಾತ್ರ ಎತ್ತಿದರು. "ಅಲ್ಲಾಡಬ್ಯಾಡ ತಂಗಿ. ಹಂಗೇ ನೋಡ್ತಿರು."

ನೋಡುತ್ತಲೇ ಇದ್ದೆ. ನೀರು ಕೆಂಪಗಾಯಿತು. ಬಂಡೆಯ ಅಂಚು ಮುಳುಗಿತು. ಪಾದ, ಕಣಕಾಲು, ಸೀರೆಯ ನೆರಿಗೆ... ಪಾಚಿಯ ಮೇಲೆ ಕಾಲು ಜಾರತೊಡಗಿತು. ಆಮೇಲೆ ಡೈರೆಕ್ಟರೇ ನೀರಿಗಿಳಿದರು, ಹಿಂದೆ ಹಗ್ಗ ಹಿಡಿದ ಮೀನುಗಾರ. ಸೊಂಟ ಮೀರಿದ ಸೆಳವಿನಲ್ಲಿ ನನ್ನ ರಟ್ಟೆ ಹಿಡಿದು ಎಳೆತಂದರು. ದಡದಲ್ಲಿ ಕೂತು ಇಬ್ಬರೂ ಬಟ್ಟೆ ಹಿಂಡಿಕೊಂಡೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ಕ್ಲೋಸಪ್ಪೇ ಅವರಿಗೆ ಹೆಸರು ತಂದಿತು. ಬಸ್ಸಿನಲ್ಲಿ, ಮೊಬೈಲ್ ಅಂಗಡಿಗಳಲ್ಲಿ, ಎಲ್ಲೆಲ್ಲೂ ನನ್ನ ಮುಖ. "ಕಣ್ಣಾಗೆ ಎಂಥಾ ಭಕ್ತಿ ಐತೆ ನೋಡ್ರಿ" ಎನ್ನುತ್ತಿದ್ದರು ಜನ. ಅದು ಜೀವಭಯ ಎಂದು ಯಾರಿಗೆ ಹೇಳಲಿ?

ವರ್ಷ ತುಂಬುವಷ್ಟರಲ್ಲಿ ತಡೆಯಲಾರದೆ ಅಂಗಡಿಗೆ ಹೋದೆ. "ನೀರು ಏರಿದ್ದು ನಿಮಗೆ ಕಂಡಿತ್ತಾ ಸರ್?"

"ಕಂಡಿತ್ತು ತಂಗಿ. ಅಂಥ ಮುಖ ಮತ್ತೆ ಸಿಗಲ್ಲ, ಇನ್ನೊಂದು ಹತ್ತು ಎಣಿಸಾಣ ಅಂದ್ಕಂಡೆ. ತಪ್ಪಾತು."

"ಅದನ್ನ ತೆಗೀರಿ."

ನನ್ನೆದುರೇ ತಮ್ಮ ಚಾನೆಲ್ಲಿನಿಂದ ಅಳಿಸಿದರು, ಕಂಪ್ಯೂಟರಿನಿಂದಲೂ. ಕೊನೆಯದನ್ನು ಒತ್ತುವ ಮುನ್ನ ಬೆರಳು ಒಂದು ಕ್ಷಣ ನಿಂತಿತ್ತು... ನಾನು ಎದ್ದು ಬಂದೆ. ಆ ಶಾಟ್ ಇಲ್ಲದೆ ಮತ್ತೆ ಹಾಕಿದ ಹಾಡನ್ನು ಯಾರೂ ನೋಡಲಿಲ್ಲ. ಜನರ ಮೊಬೈಲುಗಳಲ್ಲಿದ್ದ ಪ್ರತಿಗಳು ಆ ಮೊಬೈಲುಗಳ ಜೊತೆಗೇ ಹೋದವು. ಅವರು ಮದುವೆಗಳಿಗೆ ಮರಳಿದರು.

ಹೋದ ವರ್ಷ ತೀರಿಕೊಂಡರೆಂದು ನನಗೆ ತಡವಾಗಿ ತಿಳಿಯಿತು. ನಾಟಕ ಮುಗಿದ ಮರುದಿನ ಅವರ ಮನೆಗೆ ಹೋದೆ. ಹೊಳೆಯಲ್ಲಿನ ನನ್ನ ಆ ಮುಖವನ್ನು ಒಮ್ಮೆ ನೋಡಬೇಕೆನಿಸಿತ್ತು. ಎಲ್ಲಾದರೂ ಒಂದು ಪ್ರತಿ ಉಳಿದಿದೆಯೇ ಎಂದು ಅವರ ಹೆಂಡತಿಯನ್ನು ಕೇಳಿದೆ.

"ಒಂದೂ ಇಲ್ರಿ. ಅಷ್ಟು ಚಂದ ಬಂದಿದ್ದ ಹಾಡು, ಯಾಕ ತೆಗೆದ್ರೋ, ಕೊನೀತನಕ ಬಾಯಿ ಬಿಡಲಿಲ್ಲ. ನಿಮಗೇನಾರ ಗೊತ್ತೈತೇನ್ರಿ?"

ಗೋಡೆಯ ಮೇಲೆ ಹಾರ ಹಾಕಿದ ಅವರ ಫೋಟೋ ಇತ್ತು.

"ನನಗೆ ನನ್ನ ಮುಖ ಇಷ್ಟ ಆಗಿರಲಿಲ್ಲ ಅಕ್ಕ" ಎಂದೆ. "ತೆಗೀರಿ ಅಂತ ನಾನೇ ಹಟ ಮಾಡಿದ್ದೆ."

"ನಿಮ್ಮ ಮುಖದ ಸಲುವಾಗಿ ಅವರ ಹೆಸರೇ ಹೋತಲ್ರಿ" ಎಂದರು ಆಕೆ. ಚಹಾ ತರುತ್ತೇನೆಂದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.