ಹೂವತ್ತೆಯ ಬೀಜದ ದುಡ್ಡು

ಬಟ್ಟೆ ಅಂಗಡಿಯಲ್ಲಿ ಹೊಸ ಥಾನು ಬಿಚ್ಚಿದಾಗ ಏಳುವ ಗಂಜಿಯ ವಾಸನೆ ಎಲ್ಲರಿಗೂ ಹಬ್ಬದ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಸಿಟ್ಟು ಬರುತ್ತದೆ, ಸಿಟ್ಟಿನ ಬೆನ್ನಿಗೇ ಕಣ್ಣೂ ತುಂಬುತ್ತದೆ. ಅರವತ್ತರ ದಶಕದಲ್ಲಿ ಶರಾವತಿಗೆ ಅಣೆಕಟ್ಟು ಎದ್ದು ನಮ್ಮೂರು ನೀರಿಗೆ ಹೋದ ವರ್ಷ ಮನೆಯ ತುಂಬ ಇದೇ ವಾಸನೆ. ಹೊನ್ನೆಮರಡಿನ ಆಚೆಗಿದ್ದ ಆ ಹುಲ್ಲು ಹೊದೆಸಿದ ಮನೆಯಲ್ಲಿ ಅಲ್ಲಿಯವರೆಗೆ ಒಲೆಯ ಹೊಗೆ, ಕೊಟ್ಟಿಗೆಯ ಸಗಣಿ, ಬೇಯಿಸಿದ ಭತ್ತದ ಬಿಸಿ ಆವಿ ಬಿಟ್ಟರೆ ಬೇರೆ ವಾಸನೆ ನನಗೆ ಗೊತ್ತಿರಲಿಲ್ಲ. ಈಗ ನಿಮ್ಮ ಮನೆ ಎಲ್ಲಿತ್ತು ತೋರಿಸಿ ಎಂದರೆ ನಾನು ನೀರು ತೋರಿಸಬೇಕು. ನಿಮಗೂ ಹಾಗೆ ಕಳೆದುಹೋದ ಮನೆಯೊಂದಿದ್ದರೆ ಹೆಚ್ಚು ವಿವರಿಸಬೇಕಾಗಿಲ್ಲ.

ನಾವು ಗೇಣಿಯವರು. ಗದ್ದೆ ಒಡೆಯರದು, ಬೆವರು ನಮ್ಮದು. ಹಾಗಾಗಿ ಗದ್ದೆಯ ಪರಿಹಾರ ಅವರಿಗೇ ಹೋಯಿತು. ನಮಗೆ ಸಿಕ್ಕಿದ್ದು ಮನೆಗೆ ಮತ್ತು ಹಿತ್ತಲ ಮರಗಳಿಗೆ ಕಟ್ಟಿದ ಬೆಲೆ ಮಾತ್ರ. ಮನೆಯದು ಅಪ್ಪಯ್ಯ ಮತ್ತು ಚಿಕ್ಕಪ್ಪನಿಗೆ ಬಂತು. ಮರಗಳ ಕತೆ ಬೇರೆ. ಆ ಹಲಸು, ಮಾವುಗಳನ್ನು ನೆಟ್ಟು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿ, ಕೊಡ ಹೊತ್ತು ನೀರೆರೆದವಳು ಅಪ್ಪಯ್ಯನ ತಂಗಿ ಹೂವತ್ತೆ. ಮದುವೆಯಾದ ಮರುವರ್ಷವೇ ಗಂಡ ಜ್ವರದಲ್ಲಿ ತೀರಿಕೊಂಡು ತವರಿಗೆ ಬಂದವಳು. ಆಗಿನ್ನೂ ಇಪ್ಪತ್ತು ದಾಟಿದ್ದಳಷ್ಟೆ. ಆ ಮರಗಳು ಹೂವಳವೇ ಎಂದು ಅಜ್ಜ ಸಾಯುವ ಮೊದಲು ನಾಲ್ಕು ಜನರೆದುರು ಹೇಳಿಹೋಗಿದ್ದ. ಅಣ್ಣಂದಿರು ಆ ಮಾತು ಮೀರಲಿಲ್ಲ, ಮರದ ದುಡ್ಡನ್ನು ತಂದು ಅವಳ ಕೈಯಲ್ಲೇ ಇಟ್ಟರು.

ಆಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮವರು ಅಷ್ಟು ನೋಟುಗಳನ್ನು ಒಟ್ಟಿಗೆ ಕಂಡವರೇ ಅಲ್ಲ. ಅವರಿಗೆ ಗೊತ್ತಿದ್ದದ್ದು ಭತ್ತ. ಭತ್ತ ಸುಗ್ಗಿಗೆ ಬರುತ್ತದೆ, ಮುಂದಿನ ಸುಗ್ಗಿಯೊಳಗೆ ಖರ್ಚಾಗಬೇಕು, ಇಲ್ಲದಿದ್ದರೆ ಹುಳ ಹತ್ತುತ್ತದೆ. ದುಡ್ಡನ್ನೂ ಹಾಗೆಯೇ ಉಂಡರು. ಕೇರಿಗೆ ಕೇರಿಯೇ ಸಾಗರದ ಪೇಟೆಗೆ ಇಳಿಯಿತು. ಸೀರೆ, ಪಂಚೆ, ಟಾರ್ಚು, ರೇಡಿಯೋ ಬಂದವು. ಸರಿಯಾದ ದಾರಿಯೇ ಇಲ್ಲದ ಊರಿಗೆ ಚಿಕ್ಕಪ್ಪ ಸೈಕಲ್ ತಂದ, ಅರ್ಧ ದಾರಿ ಅದನ್ನು ಹೆಗಲ ಮೇಲೆ ಹೊತ್ತುಕೊಂಡು. ನೋಡಿ ನಗುವವರು ನಗಬಹುದು, ನಾನು ನಗುವುದಿಲ್ಲ. ಹುಟ್ಟಿದಂದಿನಿಂದ ಇನ್ನೊಬ್ಬರ ಕಣದಲ್ಲಿ ತಲೆ ತಗ್ಗಿಸಿ ನಿಂತವರಿಗೆ ಒಮ್ಮೆ ಅಂಗಡಿಯವನು ಬನ್ನಿ ಕೂತ್ಕಳಿ ಎಂದರೆ ತಲೆ ತಿರುಗದೆ ಇರುತ್ತದೆಯೇ? ಆದರೆ ಮುಂದಿನ ಸುಗ್ಗಿಗೆ ಆ ಗದ್ದೆಯೇ ಇರುವುದಿಲ್ಲ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಹೊಳೆದದ್ದು ಹೂವತ್ತೆಗೆ. ಮನೆಯಲ್ಲಿ ಬೀಜದ ಭತ್ತ ಕಾಯುವ ಕೆಲಸ ಅವಳದು. ಗಟ್ಟಿ ಕಾಳು ಆರಿಸಿ, ಒಣಗಿಸಿ, ಒಣಹುಲ್ಲಿನಲ್ಲಿ ಬಿಗಿಯಾಗಿ ಸುತ್ತಿ ಮುಡಿ ಕಟ್ಟಿ ಅಟ್ಟಕ್ಕೇರಿಸುತ್ತಿದ್ದಳು. ಮಳೆಗಾಲದಲ್ಲಿ ಕಣಜ ಬರಿದಾಗಿ ನಾವು ಕೆಸುವಿನ ಸೊಪ್ಪು, ಸುಟ್ಟ ಹಲಸಿನ ಬೇಳೆ ತಿಂದು ಮಲಗಿದರೂ ಆ ಮುಡಿಗೆ ಕೈ ಹಾಕುವ ಮಾತಿರಲಿಲ್ಲ. ಮರದ ದುಡ್ಡು ಬಂದ ವಾರದಲ್ಲೇ ಅವಳು ಒಬ್ಬಳೇ ಬಸ್ಸು ಹತ್ತಿ ಆನಂದಪುರಕ್ಕೆ ಹೋಗಿ ಪೋಸ್ಟಾಫೀಸಿನಲ್ಲಿ ಅಷ್ಟನ್ನೂ ತನ್ನ ಹೆಸರಿಗೆ ಇಟ್ಟು ಬಂದಳು. ಚಿಕ್ಕಪ್ಪನಿಗೆ ಮದುವೆ ಗೊತ್ತಾಗಿತ್ತು. ವಾಲಗ, ಗ್ಯಾಸ್‌ಲೈಟು, ದಿಬ್ಬಣಕ್ಕೆ ಸಾಗರದಿಂದ ಬಸ್ಸು ಎಂದೆಲ್ಲ ಹೊರಟಾಗ ಅಣ್ಣತಮ್ಮಂದಿರ ದುಡ್ಡು ಸಾಲದೆ ಬಂತು. ಅಪ್ಪಯ್ಯ ತಂಗಿಯನ್ನು ಜಗಲಿಗೆ ಕರೆದು, ಮುಂದೆ ಮಕ್ಕಳೇ ಮರಿಯೇ, ನಿನಗ್ಯಾಕೆ ದುಡ್ಡು, ಮನೆ ಮರ್ಯಾದೆ ಉಳಿಸು ಎಂದ. ಅವಳು ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಳು.

"ಬೀಜದ ಭತ್ತ ಕುಟ್ಟಿ ಉಣ್ತೀಯನಾ ಅಣ್ಣ?" ಎಂದಳು. "ಇದು ಬೀಜ. ನನ್ ಹೆಸ್ರಲ್ಲಿ ಗದ್ದೆ ಆಗತಂಕ ಇದನ್ನ ಬಿಚ್ಚಾದಿಲ್ಲ."

ಅಪ್ಪಯ್ಯ ಅವಳ ಜೊತೆ ಮಾತು ಬಿಟ್ಟ. ಕೇರಿಯ ಹೆಂಗಸರು ಅವಳಿಗೆ ಜಿಪುಣಿ ಎಂದು ಹೆಸರಿಟ್ಟರು, ಗಂಡನನ್ನು ತಿಂದವಳು ಈಗ ದುಡ್ಡಿನ ಮೇಲೆ ಕೂತಿದ್ದಾಳೆ ಎಂದರು. ಚಿಕ್ಕಪ್ಪನ ಮದುವೆ ಸಾಲ ತಂದು ನಡೆಯಿತು. ಹೂವತ್ತೆ ಹಿತ್ತಲಲ್ಲಿ ಕೂತು ಅಷ್ಟೂ ಜನರ ಅಡಿಗೆಗೆ ಕಾಯಿ ತುರಿದುಕೊಟ್ಟಳು, ಚಪ್ಪರಕ್ಕೆ ಮಾತ್ರ ಕಾಲಿಡಲಿಲ್ಲ. ಇಡಬೇಡ ಎಂದವರ ಹೆಸರು ನನಗೆ ನೆನಪಿದೆ, ಬರೆಯುವುದಿಲ್ಲ.

ನೀರು ಏರಿತು. ನಾವು ಗಂಟುಮೂಟೆ ಕಟ್ಟಿ ಹೊಸನಗರದ ಕಡೆಗೆ ಬಂದು, ಅಡಕೆ ಸೋಗೆಯ ಗುಡಿಸಲು ಹಾಕಿಕೊಂಡೆವು. ವರ್ಷ ತುಂಬುವುದರೊಳಗೆ ಸೈಕಲ್ ಹೋಯಿತು, ರೇಡಿಯೋ ಹೋಯಿತು, ಸೀರೆಗಳು ಮಾಸಿದವು. ಆ ಮಳೆಗಾಲದ ಹಸಿವು ಹಳೆಯ ಹಸಿವಿನಂತಲ್ಲ, ಈ ಸಲ ಮುಂದೆ ಸುಗ್ಗಿಯೇ ಇರಲಿಲ್ಲ. ಈಗಲಾದರೂ ಆ ದುಡ್ಡು ತೆಗಿ, ಮಕ್ಕಳ ಮುಖ ನೋಡು ಎಂದು ಅಮ್ಮ ಅತ್ತಳು. ಹೂವತ್ತೆ ನಮ್ಮ ಮುಖ ನೋಡಿದಳು, ದುಡ್ಡು ತೆಗೆಯಲಿಲ್ಲ. ಮಳೆಗೆ ತಲೆ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು ರಸ್ತೆಗೆ ಜಲ್ಲಿ ಹೊರುವ ಕೆಲಸಕ್ಕೆ ಹೋದಳು. ಬಂದ ಕೂಲಿಯಲ್ಲಿ ಮೊದಲು ಒಂದು ಪಾಲು ಎತ್ತಿಟ್ಟು ಉಳಿದದ್ದರಲ್ಲಿ ಅಕ್ಕಿ ತರುತ್ತಿದ್ದಳು. ನಮಗೆ ಬಡಿಸಿ ತಾನು ಗಂಜಿಯ ತಿಳಿ ಕುಡಿದು ಮಲಗುತ್ತಿದ್ದಳು. ಸಂಬಳ ಬಂದ ದಿನವೇ ಇಷ್ಟು ಎತ್ತಿಡಿ ಎಂದು ಈಗ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಪಾಠ ಹೇಳಲು ಕೋಟು ತೊಟ್ಟವರು ಬರುತ್ತಾರಂತೆ. ಬರಲಿ, ಹೇಳಲಿ, ಒಳ್ಳೆಯದೇ. ಆದರೆ ಹೊಟ್ಟೆಗಿಲ್ಲದೆ ಎತ್ತಿಟ್ಟವಳನ್ನು ನಾನು ಕಂಡಿದ್ದೇನೆ, ಅವಳ ಮೇಲೆ ನನಗೂ ಆಗ ಸಿಟ್ಟು ಬಂದಿತ್ತು.

ತೀರ್ಥಹಳ್ಳಿಯಲ್ಲಿದ್ದ ಮಗನ ಮನೆಗೆ ಹೊರಟ ಮುದುಕರೊಬ್ಬರು ನಮ್ಮ ಗುಡಿಸಲಿನ ಕೆಳಗಿದ್ದ ಕೆಸರುಗದ್ದೆಯ ತುಂಡನ್ನು ಮಾರುತ್ತಾರೆಂದು ತಿಳಿದ ದಿನ ಹೂವತ್ತೆ ಪೋಸ್ಟಾಫೀಸಿಗೆ ಹೋದಳು. ಗದ್ದೆ ಅವಳ ಹೆಸರಿಗಾಯಿತು. ಆ ಸಂಜೆ ಅಪ್ಪಯ್ಯ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದು ಅವಳೆದುರು ನಿಂತ. ಒಡೆಯರ ಅಂಗಳದಲ್ಲಿ ಅವನು ಹಾಗೆಯೇ ನಿಲ್ಲುತ್ತಿದ್ದ. ಅಷ್ಟು ದಿನ ಮಾತು ಬಿಟ್ಟವನು ತಗ್ಗಿದ ದನಿಯಲ್ಲಿ, ತಾನು ಉಳುತ್ತೇನೆ, ಗೇಣಿ ಎಷ್ಟು ಅಳೀಬೇಕು ಎಂದು ಕೇಳಿದ. ಹೂವತ್ತೆಗೆ ಕೆಂಡದಂಥ ಸಿಟ್ಟು ಬಂತು. "ಟವಲ್ ಹೆಗಲ ಮೇಲೆ ಹಾಕ್ಕ ಅಣ್ಣ," ಎಂದಳು. ತಿರುಗಿ ಒಳಗೆ ಹೋದಳು.

ಅವಳೂ ಇಲ್ಲ, ಅಪ್ಪಯ್ಯನೂ ಇಲ್ಲ. ಹೂವತ್ತೆ ಹೋದ ದಿನ ಅಂಗಳದಲ್ಲಿ ಕೂತವರು, ಉಣ್ಣಲಿಲ್ಲ, ಉಡಲಿಲ್ಲ, ಕೂಡಿಟ್ಟು ಏನು ಹೊತ್ತುಕೊಂಡು ಹೋದಳು ಎಂದು ಆಡಿಕೊಂಡರು. ಹೆಣದ ಮುಂದೆ ಜಗಳ ಬೇಡವೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಈಗ ಮುಚ್ಚುವುದಿಲ್ಲ. ಆ ಗದ್ದೆಯ ಮೊದಲ ಸುಗ್ಗಿಯ ದಿನ ಹಾಗೆ ಆಡಿಕೊಂಡವರು ನಮ್ಮ ಕಣದಲ್ಲಿ ಇರಬೇಕಿತ್ತು.

ಬಡಿದು ತೂರಿ ರಾಶಿ ಮಾಡಿದ್ದಾಗಿತ್ತು. ಅಪ್ಪಯ್ಯ ಅಭ್ಯಾಸಬಲದಿಂದ ಕೊಳಗ ಎತ್ತಿಕೊಂಡು ರಾಶಿಯ ಒಂದು ಬದಿಯಿಂದ ಒಡೆಯರ ಪಾಲು ಅಳೆಯತೊಡಗಿದ. ಒಂದು ಕೊಳಗ ಬೇರೆ ಸುರಿದ. ಇನ್ನೊಂದು ತುಂಬಿ ಎತ್ತಿದವನ ಕೈ ಅಲ್ಲೇ ನಿಂತಿತು. ದಾರಿಯ ಕಡೆ ನೋಡಿದ. ಗೇಣಿ ಭತ್ತ ಒಯ್ಯುವ ಒಡೆಯರ ಗಾಡಿ ಬಂದಿರಲಿಲ್ಲ, ಬರುವುದೂ ಇರಲಿಲ್ಲ.

"ಹೂವಾ, ಇದನ್ನ ಎಲ್ಲಿಗೆ ಹಾಕ್ಲಿ?" ಎಂದ.

"ಮನಿಗೆ."

ಅಪ್ಪಯ್ಯ ಕೊಳಗದ ಸಮೇತ ರಾಶಿಯ ಪಕ್ಕ ಕುಸಿದು ಕೂತು, ಭತ್ತದೊಳಗೆ ಮುಖವಿಟ್ಟು ಮಕ್ಕಳ ಹಾಗೆ ಅತ್ತ. ಹೂವತ್ತೆ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಆಮೇಲೆ ಅಮ್ಮ ಬುಟ್ಟಿ ತಂದಳು, ಚಿಕ್ಕಪ್ಪ ಗೋಣಿ ತಂದ. ಕಣದಲ್ಲಿ ಒಂದು ಕಾಳೂ ಉಳಿಯದ ಹಾಗೆ ನಾವೆಲ್ಲ ಹೊತ್ತೆವು, ಅಷ್ಟನ್ನೂ ನಮ್ಮದೇ ಬಾಗಿಲಿಗೆ.