ತಗಡಿನ ಮೇಲಿನ ಮಣ್ಣು

ನಿನ್ನೆ ಗೌಂಡಿ ಏಣಿ ಹಾಕಿ ನಮ್ಮ ಮನೆಯ ಮೇಲಿನ ಅಳತೆ ತೆಗೆಯುವಾಗ ತಗಡಿನ ಸಂದಿಯಿಂದ ಒಂದು ಮಣ್ಣಿನ ಹೆಂಟೆ ಹಾಸಿಗೆಯ ಮೇಲೆ ಬಿತ್ತು. ಗಂಗೂ, ನೀನು ಅದನ್ನು ಎಸೆಯಲು ಹೊರಟೆ. ನಾನು ಕಸಿದುಕೊಂಡು ಮೂಸಿದೆ. “ಲೇ, ಆಯಿ ಮಣ್ಣ ಮೂಸಾಕತ್ತಾಳ ನೋಡು!” ಎಂದು ನೀನು ತಮ್ಮನನ್ನು ಕರೆದು ನಕ್ಕೆ.

ಮಾಲಕರು ಮಳೆಗಾಲದೊಳಗೆ ತಗಡು ಕಿತ್ತು ಸ್ಲ್ಯಾಬ್ ಹಾಕಿಸುತ್ತಾರಂತೆ. ಇನ್ನು ಸೆಕೆ ಇಲ್ಲ ಎಂದು ನೀವಿಬ್ಬರೂ ಕುಣಿದಿರಿ. ನನಗೆ ಮಾತ್ರ ಆ ಸುದ್ದಿ ಕೇಳಿದಾಗಿನಿಂದ ಅನ್ನ ಇಳಿಯುತ್ತಿಲ್ಲ. ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಊರ ಶಾಲೆಯಲ್ಲಿ ಮಾಸ್ತರರು ಹೆಸರು ಕರೆದರೆ “ಹಾಜರ್” ಎನ್ನಲೂ ನಾಚಿ, ಪಕ್ಕದವಳ ಕಡೆಯಿಂದ ಹೇಳಿಸುತ್ತಿದ್ದವಳು ನಾನು. ಅದಕ್ಕೇ ಮೊಮ್ಮಕ್ಕಳಾದ ನಿಮಗೆ ಬರೆದಿಡುತ್ತಿದ್ದೇನೆ.

ಆ ಮಣ್ಣು ನಿಮ್ಮ ಅಜ್ಜ ತಂದದ್ದು. ಗಂಗೂ, ನೀನಾಗ ಕೈಕೂಸು. ಆ ವರ್ಷ ಯುಗಾದಿಗೆ ಮೊದಲೇ ಬಿಸಿಲು ಏರಿತ್ತು. ಬೆಳಗಿನ ಅಡಿಗೆ ಮುಗಿಯುವಷ್ಟರಲ್ಲಿ ತಗಡು ಕಾದು ಟಕ್ ಟಕ್ ಎನ್ನುತ್ತಿತ್ತು. ಫ್ಯಾನ್ ಹಾಕಿದರೆ ಒಲೆಯ ಮುಂದೆ ಕೂತಂತೆ. ನಿನ್ನ ಮೈತುಂಬ ಬೆವರುಸಾಲೆ. ಒಂದು ಮಧ್ಯಾಹ್ನ ನೀನು ಅಳುವುದನ್ನೇ ಬಿಟ್ಟೆ. ಅಳುವ ಕೂಸು ನನಗೆ ಹೊಸದಲ್ಲ. ಆ ಸುಮ್ಮನಿರುವಿಕೆಗೆ ನನ್ನ ಜೀವ ಹಾರಿತು. ಒದ್ದೆ ಅರಿವೆ ಸುತ್ತಿ, ಗುಡಿಯ ಕಲ್ಲುಹಾಸಿನ ಮೇಲೆ ನಿನ್ನನ್ನು ಮಲಗಿಸಿಕೊಂಡು ನಾನೂ ಅಜ್ಜನೂ ಹೊತ್ತು ಇಳಿಯುವವರೆಗೆ ಕೂತೆವು.

“ನಮ್ಮೂರ ಮಾಳಗಿ ಮನ್ಯಾಗ ಎಂದರ ಸೆಕಿ ಅಂದೀವೇನು?” ಎಂದರು ಅಜ್ಜ. “ಮ್ಯಾಲ ಮಣ್ಣ ಹಾಕಿದ್ರ ಮುಗೀತು.”

ನೀರು ಇಳಿಯಗೊಡುವುದಿಲ್ಲವೆಂದು ನಮ್ಮ ಕಡೆ ಮಾಳಿಗೆಗೆ ಹಾಕುವ ಕರಲು ಮಣ್ಣನ್ನು ಟೆಂಪೋದಲ್ಲಿ ತಂದರು. ತಗಡಿನ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಮಣ್ಣು ಬಡಿದರು. ಮುಂದಿನ ಸಾಲಿನ ಬಾಡಿಗೆ ಮನೆಯ ಶಾಂತಕ್ಕ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು.

“ಏನ್ ಕಾಕಾ, ಮ್ಯಾಲ ಜ್ವಾಳಾ ಬಿತ್ತಾವ್ರೇನ್ರಿ?”

“ಹೂಂ, ಬಿತ್ತತೇನಿ. ಹಸಿ ತೆನಿ ಸುಟ್ಟ ಸೀತನಿ ತಿನ್ನಾಕ ನೀ ಬಾ, ಗುಬ್ಬಿ ಕಾಯಾಕ ನಿನ್ನ ಗಂಡನ್ನ ಕಳಸು.”

ಮನೆ ಖರೇ ತಂಪಾಯಿತು. ನೀನು ಮಧ್ಯಾಹ್ನವೆಲ್ಲ ನಿದ್ದೆ ಮಾಡಿದೆ. ಅಜ್ಜ ಓಣಿಯಲ್ಲಿ ಎಂಜಿನಿಯರ್ ಹಾಗೆ ತಿರುಗಾಡಿದರು.

ಊರ ಮನೆಗೆ ದಪ್ಪ ತೊಲೆ, ಕಂಬಗಳಿದ್ದವು. ಇಲ್ಲಿ ಇದ್ದದ್ದು ಕಬ್ಬಿಣದ ತೆಳ್ಳನೆಯ ಪೈಪು. ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಒಂದು ಸಂಜೆ ಗಾಳಿ ಎದ್ದು ಆಣೆಕಲ್ಲು ಮಳೆ ಹೊಡೆಯಿತು. ಮಣ್ಣು ನೀರು ಕುಡಿದು ಭಾರವಾಯಿತು. ತೊಟ್ಟಿಲಿನ ನೆತ್ತಿಗೇ ಇದ್ದ ಪೈಪು ಕಿರ್ ಎಂದು ಬಾಗಿತು.

“ಕೂಸಿನ್ನ ತಗೀರಿ! ಲಗೂ ತಗೀರಿ!” ಎಂದು ಅಜ್ಜ ಕೂಗಿದರು.

ನಿನ್ನ ಅವ್ವ ನಿನ್ನನ್ನು ಎದೆಗವಚಿಕೊಂಡು ಹೊರಗೆ ಓಡಿದಳು. ಅಜ್ಜ ಸಲಿಕೆ ಹಿಡಿದು ಮೇಲೆ ಹತ್ತಿದರು. ಶಾಂತಕ್ಕ ಏಣಿ ಒತ್ತಿ ಹಿಡಿದಳು. ಮಿಂಚಿದಾಗೆಲ್ಲ ಅಜ್ಜ ಕಾಣುತ್ತಿದ್ದರು, ಮತ್ತೆ ಕತ್ತಲು. ಇಳೀರಿ ಎಂದು ಕೂಗಲು ಹೋದೆ, ಗಂಟಲಿನಿಂದ ಸದ್ದೇ ಬರಲಿಲ್ಲ. ಮಣ್ಣೆಲ್ಲ ಎಳೆದು ಕೆಡವಿ ಅವರು ಇಳಿದರು. ಮನೆ ಉಳಿಯಿತು, ಸೆಕೆ ತಿರುಗಿ ಬಂತು. ಎರಡು ಬೇಸಿಗೆ ಕಳೆದ ಮೇಲೆ ಅಜ್ಜ ತೀರಿಕೊಂಡರು.

ಆ ಮಳೆಯ ಸಂಜೆ ನನಗಿದ್ದ ಭಯ ಮೇಲೆ ಇರುವುದು ಬಿದ್ದೀತೆಂದು. ಈಗಿನದು ಬೇರೆ. ಹೋದ ವರ್ಷ ಮಾಲಕರು ಮುಂದಿನ ಸಾಲಿಗೆ ಸ್ಲ್ಯಾಬ್ ಹಾಕಿಸಿ, ಮೇಲೆ ಬಿಳಿ ಬಣ್ಣ ಬಳಿಸಿದರು. ಒಳಗೆ ಕಾಲಿಟ್ಟರೆ ಹಳೆಯ ಬಾವಿಕಟ್ಟೆಯ ತಂಪು. ಬಾಡಿಗೆ ಏರಿತು. ಶಾಂತಕ್ಕ ತಾರಿಹಾಳದ ಆಚೆ, ತಗ್ಗಿನಲ್ಲಿ ಮತ್ತೊಂದು ತಗಡಿನ ಮನೆ ಹಿಡಿದಳು. ನೋಡಲು ಹೋದಾಗ ನಕ್ಕಳು.

“ಬ್ಯಾಸಿಗ್ಯಾಗ ಮ್ಯಾಲಿಂದ ಸುಡತೈತ್ರಿ ಕಾಕೂ, ಮಳಿಗಾಲದಾಗ ಕೆಳಗಿಂದ ನೀರ ಹೊಕ್ಕತೈತಿ. ಎರಡೂ ಪುಕ್ಕಟ.”

ನಾನು ನಗಲಿಲ್ಲ. ಧಾರವಾಡದಲ್ಲಿ ನಾನು ಹಿಂದೆ ರೊಟ್ಟಿ ಬಡಿಯಲು ಹೋಗುತ್ತಿದ್ದ ಮನೆಯ ಅಂಗಳದಲ್ಲಿ ದೊಡ್ಡ ಮಾವಿನ ಗಿಡಗಳಿದ್ದವು. ಆ ಮನೆಯ ಅಕ್ಕಾರೂ “ಈ ವರ್ಷ ಭಾಳ ಬಿಸಿಲ್ರಿ” ಎನ್ನುತ್ತಿದ್ದರು. ಸುಳ್ಳಲ್ಲ, ಅವರಿಗೂ ಬಿಸಿಲೇ. ಆದರೆ ಅದು ಅವರನ್ನು ಮನೆ ಬಿಡಿಸಲಿಲ್ಲ. ನಮ್ಮಂಥವರಿಗೆ ಸುಡುವ ಮನೆ ಸಿಗುತ್ತದೆ. ಅದು ತಂಪಾಯಿತೆಂದರೆ ಕೈಗೆ ಎಟುಕದಂತಾಗುತ್ತದೆ. ನಿಮ್ಮಪ್ಪನ ಪಗಾರ ನನಗೆ ಗೊತ್ತು. ಆ ತಗ್ಗು ನೀವು ನೋಡಿಲ್ಲ. ನಾನು ನೋಡಿ ಬಂದಿದ್ದೇನೆ.

ಇವತ್ತು ಮುಂಜಾನೆ ಮಾಲಕರು ಬಂದರು. ನಿಮ್ಮಪ್ಪ ಕೆಲಸಕ್ಕೆ ಹೋಗಿಯಾಗಿತ್ತು. ನಾನು ಸೆರಗು ಸರಿಮಾಡಿಕೊಂಡು ಅವರ ಎದುರಿಗೆ ಹೋಗಿ ನಿಂತೆ.

“ಸ್ಲ್ಯಾಬ್ ಬಿದ್ದ ಮ್ಯಾಲ ಈ ಮನ್ಯಾಗ ಯಾರಿರ್ತಾರ್ರಿ?”

“ಆಮ್ಯಾಲ ನೋಡೂಣ್ರಿ ಅಮ್ಮಾರ. ಮೊದಲ ಕೆಲಸ ಆಗ್ಲಿ.”

“ಇಲ್ರಿ, ಈಗ ಹೇಳ್ರಿ. ಬಾಡಿಗಿ ಇಷ್ಟ ಇರತೈತೋ, ನಾವ ಹೋಗಬೇಕೋ?”

ಅವರು ಮೊಬೈಲ್ ತೆಗೆದು ಯಾರಿಗೋ ಫೋನ್ ಹಚ್ಚಿದರು. ಅವರ ಮಾತು ಮುಗಿಯಲಿ ಎಂದು ನಾನು ಬಿಸಿಲಿನಲ್ಲೇ ನಿಂತೆ.